ರಾತ್ರಿ ಕತ್ತರಿಸುವ ಕೆಲಸ

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ‘ರಾತ್ರಿ ಕತ್ತರಿಸುವುದು’ ಎನ್ನುತ್ತೇನೆ. ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೈ ನೋಡುತ್ತಾರೆ. ಕೈಯಲ್ಲಿ ಕತ್ತರಿ ಇರುವುದಿಲ್ಲ. ಕತ್ತರಿ ಇರುವುದು ನನ್ನ ಹೆಂಡತಿಯ ಹತ್ತಿರ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ನಾನು ಸೇವಂತಿಗೆ ತೋಟದ ದೀಪದವನು. ತೋಟದ ಹೆಂಗಸರು ನನ್ನನ್ನು ‘ಸ್ವಿಚ್ಚಣ್ಣ’ ಎಂದು ಕರೆಯುತ್ತಾರೆ. ಎದುರಿಗೇ ಕರೆಯುತ್ತಾರೆ, ಬೆನ್ನ ಹಿಂದೆ ಏನು ಕರೆಯುತ್ತಾರೋ ನನಗೆ ಗೊತ್ತಿಲ್ಲ.

ವಿಷಯ ಇಷ್ಟೇ. ಸೇವಂತಿಗೆ ಗಿಡ ಲೆಕ್ಕ ಇಡುವುದು ಹಗಲಿನದ್ದಲ್ಲ, ಇರುಳಿನದ್ದು. ಇರುಳು ಉದ್ದವಾಗಿದೆ, ಅದೂ ನಡುವೆ ಎಲ್ಲೂ ಮುರಿಯದೆ ಉದ್ದವಾಗಿದೆ ಎಂದು ಅದರ ಎಲೆಗಳಿಗೆ ತಿಳಿದರೆ, ಸರಿ, ನನ್ನ ಕಾಲ ಬಂತು ಎಂದು ಮೊಗ್ಗು ಕಟ್ಟುತ್ತದೆ. ಆದರೆ ತೋಟದ ಮಾಲೀಕರಿಗೆ ಹೂ ಬೇಕಾಗುವುದು ಗಿಡಕ್ಕೆ ಮನಸ್ಸು ಬಂದಾಗಲ್ಲ, ಪೇಟೆಗೆ ಮನಸ್ಸು ಬಂದಾಗ. ಅದಕ್ಕೇ ನಾನು. ರಾತ್ರಿ ಹತ್ತಕ್ಕೆ ಗಾಜಿನ ಮನೆಯ ಇನ್ನೂರ ಹದಿನಾರು ದೀಪ ಹಾಕುತ್ತೇನೆ, ಎರಡಕ್ಕೆ ಆರಿಸುತ್ತೇನೆ. ಒಂದು ಇರುಳು ಎರಡು ಮೋಟು ತುಂಡಾಗುತ್ತದೆ. ಗಿಡ ಇನ್ನೂ ಬೇಸಿಗೆಯೇ ಎಂದುಕೊಂಡು, ಮೊಗ್ಗಿನ ಯೋಚನೆ ಬಿಟ್ಟು, ಸುಮ್ಮನೆ ಎತ್ತರಕ್ಕೆ ಬೆಳೆಯುತ್ತದೆ. ಮಾಲೀಕರು ‘ಸಾಕು’ ಎಂದ ದಿನ ನಾನು ದೀಪ ನಿಲ್ಲಿಸಿದರೆ, ಸಾವಿರಾರು ಗಿಡಗಳು ಒಟ್ಟಿಗೆ ಹೂ ಬಿಡುತ್ತವೆ.

ತೋಟ ನೋಡಲು ಬಂದವರಿಗೆ ಇದನ್ನು ವಿವರಿಸುವಾಗ ನನ್ನ ಎದೆ ಉಬ್ಬುತ್ತದೆ. “ಗಿಡಕ್ಕೆ ಕಣ್ಣಿಲ್ಲ ಅಂದ್ಕೋಬೇಡಿ, ಎಲೆಯೆಲ್ಲ ಕಣ್ಣೇ. ಮಿಣುಕು ಬೆಳಕು ಬಿದ್ರೂ ಅದಕ್ಕೆ ಗೊತ್ತಾಗುತ್ತೆ” ಎನ್ನುತ್ತೇನೆ. ಅವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಹೀಗೆ ಹನ್ನೊಂದು ವರ್ಷ ಊರಿಗೆಲ್ಲ ಪಾಠ ಹೇಳಿದ್ದೇನೆ. ನನ್ನ ಮನೆಗೆ ಮಾತ್ರ ಹೇಳಲಿಲ್ಲ. ಈ ಕಥೆ ಆ ನಾಚಿಕೆಯದ್ದು.

ದೀಪ ಹತ್ತಿದ ಮೇಲಿನ ನಾಲ್ಕು ಗಂಟೆ ಈ ಲೋಕದ್ದಲ್ಲ. ಗಾಜಿನ ಮೇಲೆ ಒಳಗಿನಿಂದ ಹಬೆ ಕೂತಿರುತ್ತದೆ. ಪೈಪಿನಿಂದ ಹನಿ ಬೀಳುವ ಸದ್ದು, ದೀಪಗಳ ಸಣ್ಣ ಗುಂಯ್‌ಗುಡುವಿಕೆ, ಬೇರೇನಿಲ್ಲ. ಎಲೆಗಳು ಎಲ್ಲವೂ ಎಚ್ಚರ. ಸಾಲುಗಳ ನಡುವೆ ನಡೆಯುವಾಗ ನಾನು ನೀರಿನಡಿಯಲ್ಲಿ ನಡೆಯುತ್ತಿರುವ ಹಾಗೆ ಅನಿಸುತ್ತದೆ. ಕೈಯೂ ಕಾಲೂ ಹಗುರ, ಹೊತ್ತು ಎಷ್ಟೆಂಬುದೇ ಇಲ್ಲ. ನನ್ನ ನೆರಳು ಒಂದಲ್ಲ, ಇಪ್ಪತ್ತು. ಸುತ್ತಲೂ ತೆಳ್ಳಗೆ ಹರಡಿ ನನ್ನ ಜೊತೆಗೇ ಬರುತ್ತವೆ. ಮೊದಲೆಲ್ಲ ಹೊರಗಿನಿಂದ ಪತಂಗಗಳು ಬಂದು ಗಾಜಿಗೆ ಮೆತ್ತಗೆ ಬಡಿಯುತ್ತಿದ್ದವು, ಒಳಗೆ ಬರಲೇ ಎಂದು ಕೇಳುವವರ ಹಾಗೆ. ಬೆಳಿಗ್ಗೆ ಗೋಡೆಯ ಬುಡದಲ್ಲಿ ಅರ್ಧ ಬಕೆಟ್ ಸತ್ತು ಬಿದ್ದಿರುತ್ತಿದ್ದವು, ಗುಡಿಸುತ್ತಿದ್ದೆ. ಎರಡು ವರ್ಷದ ಹಿಂದೆ ಮಾಲೀಕರು ಹಳೆಯ ಹಳದಿ ಬಲ್ಬುಗಳನ್ನೆಲ್ಲ ತೆಗೆಸಿ ಬಿಳಿ ದೀಪ ಹಾಕಿಸಿದರು. ಅದಾದ ಮೇಲೆ ಪತಂಗ ತಿಂಗಳು ತಿಂಗಳಿಗೂ ಕಮ್ಮಿಯಾಗುತ್ತಾ ಬಂದು ಈಗ ಗುಡಿಸಲು ಏನೂ ಇಲ್ಲ. ಒಳ್ಳೆಯದಾಯಿತು, ಒಂದು ಕೆಲಸ ತಪ್ಪಿತು ಎಂದುಕೊಂಡೆ. ನೋಡಿ, ನನ್ನ ಬುದ್ಧಿ ಅಷ್ಟು.

ನಮ್ಮ ಮನೆ ಗಾಜಿನ ಮನೆಯಿಂದ ಇಪ್ಪತ್ತು ಹೆಜ್ಜೆ. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲ ಪಕ್ಕದಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಅದರಾಚೆ ಮಂಚ. ಮಂಚದ ಮೇಲೆ ಕಿಟಕಿ. ಆ ಕಿಟಕಿಗೆ ಪರದೆ ಇರಲಿಲ್ಲ. ಇರಬಾರದೆಂದು ನಾನೇ ಹೇಳಿದ್ದೆ.

ಅದಕ್ಕೊಂದು ಹಿನ್ನೆಲೆ ಇದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಪಾಳಿಯಲ್ಲಿ ನಿದ್ದೆ ಹೋದೆ. ಒಂದು ರಾತ್ರಿಯಲ್ಲ, ವಾರದಲ್ಲಿ ನಾಲ್ಕು ರಾತ್ರಿ. ದೀಪ ಹಾಕುವ ಹೊತ್ತಿಗೆ ಗೊಬ್ಬರದ ಚೀಲಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದೆ. ಸಾಲು ಸಾಲು ಗಿಡ ಮೊಣಕಾಲೆತ್ತರದಲ್ಲೇ ಮೊಗ್ಗು ಕಟ್ಟಿ ಕೂತವು. ಮಾಲೀಕರು ತಾನಾಗಿ ದೀಪ ಹಾಕಿ ಆರಿಸುವ ಯಂತ್ರವನ್ನು ನಂಬುವವರಲ್ಲ, ಮನುಷ್ಯನನ್ನೇ ನಂಬುವವರು. ಆ ದಿನ ಮನುಷ್ಯನ ಮೇಲೂ ನಂಬಿಕೆ ಕಳಕೊಳ್ಳುವುದರಲ್ಲಿದ್ದರು. ನಾನು ಮನೆಗೆ ಬಂದು ಮುಖ ಇಳಿಸಿಕೊಂಡು ಕೂತಾಗ ಹೊಸದಾಗಿ ಮದುವೆಯಾಗಿ ಬಂದಿದ್ದ ಹೆಂಡತಿ ಒಂದು ಉಪಾಯ ಹೇಳಿದಳು.

“ರೀ, ಹತ್ತು ಗಂಟೆಗೆ ದೀಪ ಹಾಕಿದ ತಕ್ಷಣ ಈ ಕಡೆ ನೋಡಿ. ನಾನು ಕೈ ಎತ್ತುತೀನಿ. ಎರಡಕ್ಕೆ ಆರಿಸೋ ಮುಂಚೆ ಟಾರ್ಚ್ ಎರಡು ಸಲ ಬೀಸಿ, ಮತ್ತೆ ಎತ್ತುತೀನಿ. ನಾನು ನೋಡ್ತಿದೀನಿ ಅಂತ ಗೊತ್ತಿದ್ರೆ ನಿಮಗೆ ನಿದ್ದೆ ಬರಲ್ಲ.”

“ಆಮೇಲೆ ಪರದೆ ಗಿರದೆ ಹಾಕಿಬಿಟ್ಟೀಯಾ!”

“ಇಲ್ಲಪ್ಪಾ, ಹಾಕಲ್ಲ.”

ಹಾಕಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಮನೆಯಲ್ಲಿದ್ದ ಒಂದು ರಾತ್ರಿಯೂ ಆ ಕೈ ತಪ್ಪಲಿಲ್ಲ. ನನ್ನ ಬೆಳಕು ಕಿಟಕಿಯೊಳಗೆ ಬಿದ್ದು ಅವಳು ಮಲಗಿದ್ದು ಕಾಣುತ್ತಿತ್ತು. ಹತ್ತಕ್ಕೊಮ್ಮೆ, ಎರಡಕ್ಕೊಮ್ಮೆ ಒಂದು ಬಿಳಿ ಕೈ ಮೇಲೆದ್ದು ಇಳಿಯುತ್ತಿತ್ತು. ಐದಕ್ಕೆ ಮನೆಗೆ ಬಂದು ಅಗುಳಿಗೆ ಕೈ ಹಾಕುವ ಮೊದಲೇ ಒಳಗಿನಿಂದ “ಬಂದ್ರಾ?” ಎನ್ನುವಳು. ನನ್ನ ಹೆಂಡತಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಬೀಗುತ್ತಿದ್ದೆ. ಮಲಗಿದವಳು ತಪ್ಪದೆ ಕೈ ಹೇಗೆ ಎತ್ತುತ್ತಾಳೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ನನಗಾದರೆ ಹಗಲು ಮಲಗಿದರೆ ಕಲ್ಲು ಬಿದ್ದ ಹಾಗೆ ನಿದ್ದೆ. ಒದ್ದೆ ಟವೆಲ್ಲನ್ನು ಮಡಚಿ ಕಣ್ಣಿಗೆ ಹಾಕಿಕೊಂಡರೆ ಮುಗಿಯಿತು, ಜಗತ್ತೇ ಇಲ್ಲ.

ಬಿಳಿ ದೀಪ ಬಂದ ವರ್ಷವೇ ನಮ್ಮ ಅತ್ತೆ ತೀರಿಕೊಂಡರು. ಅತ್ತೆಗೆ ನಾನೆಂದರೆ ಅಷ್ಟಕ್ಕಷ್ಟೇ. “ರಾತ್ರಿ ಮನೆಯಲ್ಲಿರದ ಗಂಡಸು ಯಾವ ಸೀಮೆ ಗಂಡ?” ಎಂದು ಮದುವೆಗೆ ಮುಂಚೆಯೇ ಕೇಳಿದ್ದರು. ಮಗಳು ಹಟ ಹಿಡಿದು ನನ್ನನ್ನೇ ಕಟ್ಟಿಕೊಂಡಳು. ಅಲ್ಲಿಂದ ತಾಯಿ ಮಗಳ ನಡುವೆ ಮಾತು ಕಡಿದುಹೋಯಿತು. ಇಬ್ಬರದೂ ಒಂದೇ ಮೂಗು, ಮೂಗಿನ ಮೇಲೆ ಒಂದೇ ಸಿಟ್ಟು. ಅಮ್ಮನಿಗೆ ಹುಷಾರಿಲ್ಲ ಎಂದು ಸುದ್ದಿ ಬಂದಾಗ ಇವಳು ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದಳು. ಹೋಗಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಲ್ಕು ದಿನದ ಮೇಲೆ ಮನೆಗೆ ಬಂದವಳ ಕಂಕುಳಲ್ಲಿ ಒಂದು ಮಣ್ಣಿನ ಕುಂಡ ಇತ್ತು. ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಸಾಕಿದ್ದ ಸೇವಂತಿಗೆ.

“ಯಾವ ಬಣ್ಣ?” ಎಂದು ಕೇಳಿದೆ, ಕಸುಬಿನವನ ಕುತೂಹಲ.

“ಬಿಟ್ಟಾಗ ನೋಡಿ. ನಿಮ್ಮ ತೋಟದಲ್ಲಿ ಆ ಬಣ್ಣ ಇಲ್ಲ” ಎಂದಳು.

ಕುಂಡವನ್ನು ಕಿಟಕಿಯ ದಂಡೆಯ ಮೇಲೆ ಇಟ್ಟಳು. ಗಿಡ ಎಲೆ ಬಿಟ್ಟಿತು, ಕವಲೊಡೆಯಿತು, ಎತ್ತರ ಬೆಳೆಯಿತು. ಹಗಲು ಮೋಟಾಗುವ ಕಾಲ ಬಂತು, ಹೋಯಿತು. ಒಂದು ಮೊಗ್ಗೂ ಇಲ್ಲ. ಮಾರನೆಯ ವರ್ಷವೂ ಅಷ್ಟೇ. ಅವಳು ದಿನಾ ಸಂಜೆ ಕೆಲಸದಿಂದ ಬಂದು ಚೀಲ ಇಳಿಸುವ ಮುಂಚೆ ಗಿಡದ ತುದಿ ಬಗ್ಗಿಸಿ ನೋಡುತ್ತಿದ್ದಳು.

“ಅಮ್ಮಂಗೆ ಇನ್ನೂ ಸಿಟ್ಟು” ಎನ್ನುವಳು.

“ನಿಮ್ಮಮ್ಮ ಗಿಡವಾದ ಮೇಲೂ ಅಳಿಯನಿಗೆ ಮುಖ ಬಿಚ್ಚಲಿಲ್ಲ ನೋಡು” ಎಂದು ನಾನು ನಗುತ್ತಿದ್ದೆ. ಈ ಮಾತನ್ನು ಎರಡು ವರ್ಷ ಹೇಳಿದ್ದೇನೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಅದೇ ಸುಮಾರಿಗೆ ಅವಳು ಬದಲಾಗತೊಡಗಿದಳು. ಕಣ್ಣ ಕೆಳಗೆ ಮಸಿ ಮೆತ್ತಿದ ಹಾಗೆ. ಮಾತಿನ ನಡುವೆ ಎಲ್ಲೋ ಹೋಗಿಬಿಡುವಳು. ಒಲೆಯ ಮೇಲೆ ನೀರಿಟ್ಟು ಅದು ಆವಿಯಾಗುವುದನ್ನೇ ನೋಡುತ್ತಾ ನಿಲ್ಲುವಳು. ಒಂದು ದಿನ, “ರೀ, ನಿನ್ನೆ ರಾತ್ರಿ ಹನ್ನೆರಡು ಗಂಟೆಗೆ ಬೇಲಿ ಹತ್ರ ಹಕ್ಕಿ ಹಾಡ್ತಿತ್ತು” ಎಂದಳು. ನಾನೂ ಕೇಳಿದ್ದೆ. “ಪಾಪ, ಅದಕ್ಕೂ ನನ್ನ ಹಾಗೇ ರಾತ್ರಿ ಪಾಳಿ” ಎಂದೆ. ಇನ್ನೊಂದು ದಿನ, ಬೇಲಿಗೆ ಹಬ್ಬಿಸಿದ್ದ ಸೋರೆ ಬಳ್ಳಿಯ ಬಗ್ಗೆ, “ಸಂಜೆಯಾದ್ರೆ ಹೂವು ರಾಶಿ ಬಿಡುತ್ತೆ, ಒಂದೂ ಕಾಯಿ ಕಚ್ಚಲ್ಲ” ಎಂದಳು. ಗೊಬ್ಬರ ಸಾಲದು ಎಂದೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಸಿದ್ಧ.

“ನಂಗೆ ಕನಸೇ ಬೀಳ್ತಿಲ್ಲ ಕಣ್ರೀ” ಎಂದು ಒಂದು ಬೆಳಿಗ್ಗೆ ಹೇಳಿದಳು. “ಎಷ್ಟು ದಿನ ಆಯ್ತೋ. ಅಮ್ಮ ಒಂದು ಸಲ ಕನಸಲ್ಲಾದ್ರೂ ಬರ್ತಾಳೇನೋ ಅಂತ ಕಾಯ್ತೀನಿ. ಬೈಯೋಕಾದ್ರೂ ಬರಬೇಕಿತ್ತು. ಬರೋಕೆ ಜಾಗನೇ ಇಲ್ಲ. ಸುಮ್ಮನೆ ಬಿಳೀ ಗೋಡೆ.”

ನಾನು ಒದ್ದೆ ಟವೆಲ್ಲನ್ನು ಕಣ್ಣಿಗೆ ಎಳೆದುಕೊಂಡು ಮಗ್ಗುಲಾದೆ.

ಕಾರ್ಖಾನೆಯಲ್ಲಿ ಅವಳದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಬೇಕಾದ ಕೆಲಸ. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲೆ ಕಾಗದದ ನಕ್ಷೆ ಇಟ್ಟು, ವಿದ್ಯುತ್ ಗರಗಸದಿಂದ ಒಂದೇ ಸಲಕ್ಕೆ ಕೊಯ್ಯಬೇಕು. ಎಡಗೈಗೆ ಕಬ್ಬಿಣದ ಜಾಲರಿಯ ಕೈಗವಸು. ಒಂದು ದಿನ ನಲವತ್ತು ಅಂಗಿಗೂ ಎರಡೂ ತೋಳು ಎಡಗಡೆಯದ್ದನ್ನೇ ಕತ್ತರಿಸಿ ಇಟ್ಟಳು. ಅದನ್ನು ಹೇಗೋ ನಗೆಯಲ್ಲಿ ತೇಲಿಸಿದರು. ಹತ್ತು ದಿನದ ಮೇಲೆ ಅಲಗು ಕೈಗವಸಿನ ಜಾಲರಿಯನ್ನೇ ಕಚ್ಚಿತು. ಬೆರಳು ಉಳಿಯಿತು, ಜಾಲರಿ ಹರಿಯಿತು. ನಿಂತಲ್ಲೇ ಕಣ್ಣು ಮುಚ್ಚಿದ್ದಳಂತೆ. ಮೇಲ್ವಿಚಾರಕಿ ಅವಳನ್ನು ಯಂತ್ರದಿಂದ ಬಿಡಿಸಿ, ಅಂಗಿಗಳಿಂದ ಉಳಿದ ದಾರ ಕತ್ತರಿಸುವ ಮೂಲೆಗೆ ಕೂರಿಸಿದಳು. “ಮೂರು ತಿಂಗಳು ನೋಡ್ತೀನಿ. ಸರಿಹೋದ್ರೆ ಯಂತ್ರಕ್ಕೆ ಬಾ. ಇಲ್ಲಾಂದ್ರೆ ಮನೇಲೇ ಇರು. ನಿನ್ನ ಬೆರಳು ಎತ್ತಿಕೊಳ್ಳೋ ಕೆಲಸ ನನಗೆ ಬೇಡ” ಎಂದಳಂತೆ. ಹದಿನಾಲ್ಕು ವರ್ಷ ಪಳಗಿದ ಕೈ. ಆ ಸಂಜೆ ಅವಳು ಅಳಲಿಲ್ಲ. ಹರಿದ ಕೈಗವಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಅಷ್ಟೇ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ರಕ್ತದ ಒತ್ತಡ ನೋಡಿ ತುಟಿ ಬಿಗಿದರು. ಊಟ ಕೇಳಿದರು, ತಲೆನೋವು ಕೇಳಿದರು. ಆಮೇಲೆ ಮಲಗುವ ಕೋಣೆಯ ಬಗ್ಗೆ ಕೇಳಿದರು. ಇವಳು ಎಲ್ಲ ಹೇಳಿದಳು. ಕೈ ಎತ್ತುವುದೊಂದನ್ನು ಮಾತ್ರ ಹೇಳಲಿಲ್ಲ.

“ಕತ್ತಲಾದ ಮೇಲೆ ನಿದ್ದೆಗೆ ಬೇಕಾದ್ದನ್ನ ನಮ್ಮ ಮೈ ತಾನೇ ತಯಾರಿಸಿಕೊಳ್ಳುತ್ತೆ” ಎಂದರು ಡಾಕ್ಟರಮ್ಮ. “ಕಣ್ಣಿಗೆ ಬೆಳಕು ಬಿದ್ರೆ, ಅದರಲ್ಲೂ ಈಗಿನ ಬಿಳೀ ಬೆಳಕು ಬಿದ್ರೆ, ಇನ್ನೂ ಹಗಲೇ ಅಂದ್ಕೊಂಡು ಅದನ್ನ ನಿಲ್ಲಿಸಿಬಿಡುತ್ತೆ. ರಾತ್ರಿ ನಡುವೆ ಹೀಗೆ ಮುರಿದ್ರೆ ಮೈಯ ಲೆಕ್ಕವೇ ತಪ್ಪುತ್ತೆ. ಮಾತ್ರೆ ಆಮೇಲೆ ನೋಡೋಣ. ಮೊದಲು ಕೋಣೆ ಕತ್ತಲು ಮಾಡಿ.”

ನನಗೆ ಉರಿದುಹೋಯಿತು. ಹನ್ನೊಂದು ವರ್ಷದ ನನ್ನ ದೀಪಕ್ಕೆ ಹೆಸರಿಡಲು ಇವರು ಯಾರು?

“ಡಾಕ್ಟರಮ್ಮ, ಅವಳೇನು ಸೇವಂತಿಗೆ ಗಿಡವಾ?” ಎಂದೆ.

“ಗಿಡದ ವಿಷಯ ನನಗೆ ಗೊತ್ತಿಲ್ಲ” ಎಂದರು ಅವರು. “ನೀವು ಹಗಲು ಹೇಗೆ ಮಲಗ್ತೀರಿ?”

“ಕಣ್ಣಿಗೆ ಒದ್ದೆ ಟವೆಲ್ ಹಾಕ್ಕೊಂಡು.”

 ಡಾಕ್ಟರಮ್ಮ ಚೀಟಿಯಲ್ಲಿ ‘ಕತ್ತಲೆ ಕೋಣೆ’ ಎಂದು ಬರೆದು, ಕೆಳಗೆ ಗೆರೆ ಎಳೆದು ಕೊಟ್ಟರು.

ದಾರಿಯುದ್ದಕ್ಕೂ ಗೊಣಗುತ್ತಲೇ ಬಂದೆ. ಕಿಟಕಿ ಮುಚ್ಚು ಅಂದರೆ ನನ್ನನ್ನೇ ಹೊರಗೆ ಹಾಕಿದ ಹಾಗಲ್ಲವಾ, ನೀನು ಕಾಣದಿದ್ದರೆ ನನಗೆ ಆ ನಾಲ್ಕು ಗಂಟೆ ಹೇಗೆ ಕಳೆಯಬೇಕು, ನಿದ್ದೆ ಹೋದರೆ ಕೆಲಸದ ಗತಿ ಏನು ಎಂದೆಲ್ಲ. ಅವಳು ನನ್ನ ತೋಳು ಹಿಡಿದು, “ಬಿಡಿ, ನಾನು ಪರದೆ ಹಾಕಲ್ಲ” ಎಂದಳು. ನಾನು ಸಮಾಧಾನವಾಗಿಬಿಟ್ಟೆ. ಮನುಷ್ಯ ಎಂಥ ಪಶು ನೋಡಿ.

ಅದಾಗಿ ಕೆಲವು ದಿನದ ಮೇಲೆ ಮಾಲೀಕರು ನನ್ನನ್ನು ಗಾಜಿನ ಮನೆಯೊಳಗೆ ನೀರಿನ ತೊಟ್ಟಿಯ ಹಿಂದಿನ ಮೂಲೆಗೆ ಕರೆದರು. ಅಲ್ಲಿ ನಾಲ್ಕು ದೀಪಗಳ ಒಂದು ತಂತಿ ಸುಟ್ಟುಹೋಗಿ ಮೂರು ವಾರವಾಗಿತ್ತು. ನಾನು ನೋಡಿರಲಿಲ್ಲ. ಹಲಗೆಯಲ್ಲಿ ಸ್ವಿಚ್ಚು ಒತ್ತಿದ್ದೆ, ದೀಪ ಹತ್ತಿತೋ ಇಲ್ಲವೋ ಎಂದು ಆ ಮೂಲೆಗೆ ಹೋಗಿರಲಿಲ್ಲ. ರಾತ್ರಿಯಿಡೀ ನನ್ನ ಕಣ್ಣು ಇದ್ದದ್ದು ಕಿಟಕಿಯ ಕಡೆ. ಆ ಮೂಲೆಯ ಮೂವತ್ತು ಗಿಡ ಮಾತ್ರ ಇಡೀ ತೋಟಕ್ಕಿಂತ ಮುಂಚೆ ಮೊಗ್ಗು ಕಟ್ಟಿ ನಿಂತಿದ್ದವು.

“ನಿಮ್ಮ ಕಣ್ಣು ಎಲ್ಲಿ ಮೇಯೋಕೆ ಹೋಗಿತ್ತು?” ಎಂದು ಮಾಲೀಕರು ಒಂದು ಕೊಂಬೆ ಮುರಿದು ನನ್ನ ಕೈಗಿಟ್ಟು ಹೋದರು.

ಕೊಂಬೆ ಹಿಡಿದು ಮನೆಗೆ ಬಂದೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಸಿಟ್ಟಿನಲ್ಲಿ ಅದನ್ನು ಎಲ್ಲಾದರೂ ಎಸೆಯಬೇಕೆಂದು ನೋಡಿದೆ, ಕಿಟಕಿಯ ದಂಡೆಯ ಮೇಲೆ ಎಸೆದೆ. ಅದು ಅತ್ತೆಯ ಕುಂಡದ ಪಕ್ಕದಲ್ಲಿ ಬಿತ್ತು. ಎರಡೂ ಅಕ್ಕಪಕ್ಕ. ಒಂದರ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಹಸಿರು ಮೊಗ್ಗುಗಳು, ಇನ್ನೊಂದರ ತುದಿಯಲ್ಲಿ ಬರೀ ಎಳೆ ಎಲೆ. ನಾನು ಆ ಎಲೆಗಳನ್ನು ನೋಡಿದೆ. ಆಮೇಲೆ ಆ ಎಲೆಗಳು ಏನನ್ನು ನೋಡುತ್ತಿವೆ ಎಂದು ಬಗ್ಗಿ ನೋಡಿದೆ. ಇಪ್ಪತ್ತು ಹೆಜ್ಜೆ ಆಚೆ ನನ್ನ ಗಾಜಿನ ಮನೆ.

 ಮಂಚದ ಮೇಲೆ ಕೂತೆ. ಕೂತಲ್ಲಿಂದ ಅವಳ ದಿಂಬಿನ ಮೇಲೆ ತಲೆಯಿಟ್ಟು ಮಲಗಿ ನೋಡಿದೆ. ನನ್ನ ಒಂದು ಸಾಲು ದೀಪ ನೇರ ಕಣ್ಣಿಗೇ ಕಟ್ಟಿದ ಹಾಗಿತ್ತು. ಹನ್ನೊಂದು ವರ್ಷದಲ್ಲಿ ನಾನು ಈ ಮಂಚದ ಮೇಲೆ ರಾತ್ರಿ ಒಂದು ಸಲವೂ ಮಲಗಿರಲಿಲ್ಲ. ಬೇಲಿಯ ಮರ ಕಾಣಿಸಿತು. ನನ್ನ ದೀಪದ ಕಡೆಯ ಅರ್ಧದಲ್ಲಿ ಇನ್ನೂ ಹಸಿರೆಲೆ, ಆ ಕಡೆಯ ಅರ್ಧ ಎಲೆ ಉದುರಿ ಬೋಳು. ಕಾಯಿ ಕಚ್ಚದ ಸೋರೆ ಬಳ್ಳಿ ಕಾಣಿಸಿತು. ರಾತ್ರಿ ಅದರ ಬಿಳಿ ಹೂವಿಗೆ ಬಂದು ಕಾಯಿ ಕಚ್ಚಿಸಬೇಕಿದ್ದ ಪತಂಗಗಳನ್ನು ಅರ್ಧರ್ಧ ಬಕೆಟ್ ಗುಡಿಸಿ ಹಾಕಿದವನು ನಾನೇ. ಸುತ್ತಲಿದ್ದ ಎಲ್ಲವೂ ಇಷ್ಟು ದಿನ ನನಗೆ ಹೇಳುತ್ತಲೇ ಇದ್ದವು. ನಾನು ಎಲ್ಲರಿಗೂ ಜೋಕು ಹೇಳಿ ಕಳಿಸಿದ್ದೆ.

ಆದರೂ ಬಾಯಿ ಬಿಡಲು ಧೈರ್ಯವಾಗಲಿಲ್ಲ. ಮೊದಲು ಗಿಡ ಹೇಳಲಿ, ಆಮೇಲೆ ನಾನು ಹೇಳುತ್ತೇನೆ ಎಂದುಕೊಂಡೆ. ಹೇಡಿತನ ಅನ್ನಿ. ಉಗ್ರಾಣದಲ್ಲಿ ತೋಟದ ಹಳೆಯ ಕರಿ ಬಟ್ಟೆ ಬಿದ್ದಿತ್ತು. ಬೇಸಿಗೆಯಲ್ಲಿ ಹೂ ಬೇಕಾದಾಗ ಸಾಲುಗಳ ಮೇಲೆ ಹೊದಿಸಿ ಸುಳ್ಳು ಇರುಳು ಮಾಡುವ ಬಟ್ಟೆ. ಅದರಲ್ಲೊಂದು ತುಂಡು ಹರಿದು ತಂದು, ಗಿಡದ ಅಳತೆಗೆ ಟೋಪಿ ಹೊಲಿದುಕೊಡು ಎಂದು ಹೆಂಡತಿಗೆ ಹೇಳಿದೆ.

“ಇದೇನ್ರೀ, ಗಿಡಕ್ಕೆ ಟೋಪಿ? ನಾಳೆ ಚಪ್ಪಲಿನೂ ಹೊಲಿ ಅಂತೀರೇನೋ” ಎಂದಳು.

“ಚಳಿಗೆ” ಎಂದೆ.

ಹೊಲಿದುಕೊಟ್ಟಳು. ದಿನಾ ಸಂಜೆ ಆರಕ್ಕೆ ಪಾಳಿಗೆ ಹೊರಡುವ ಮುಂಚೆ ಗಿಡಕ್ಕೆ ಟೋಪಿ ಹಾಕುತ್ತಿದ್ದೆ, ಬೆಳಿಗ್ಗೆ ಏಳಕ್ಕೆ ತೆಗೆದು ಮಲಗುತ್ತಿದ್ದೆ. ರಾತ್ರಿ ಹತ್ತಕ್ಕೆ ದೀಪ, ಕಿಟಕಿಯಲ್ಲಿ ಕೈ. ಎರಡಕ್ಕೆ ಟಾರ್ಚು, ಮತ್ತೆ ಕೈ. ಈಗ ಆ ಕೈ ಮೇಲೇಳುವಾಗ ನಾನು ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ. ಟಾರ್ಚು ಬೀಸದಿದ್ದರೆ ಗಾಬರಿಯಾಗಿ ಎದ್ದು ಬರುತ್ತಾಳೆ, ಬೀಸಿದರೆ ನಿದ್ದೆಗೆಟ್ಟ ಆ ಕೈ. ಗಿಡ ಟೋಪಿಯೊಳಗೆ ಕತ್ತಲಲ್ಲಿ ಮಲಗಿತ್ತು, ಅದರ ಪಕ್ಕದಲ್ಲಿ ನನ್ನ ಹೆಂಡತಿ ಬೆಳಕಿನಲ್ಲಿ ಎಚ್ಚರವಾಗಿದ್ದಳು. ಕನಸಿನಲ್ಲಿ ಕೂಗಲು ಹೋದರೆ ದನಿಯೇ ಹೊರಡುವುದಿಲ್ಲವಲ್ಲ, ಹಾಗೆ ಇಪ್ಪತ್ತೆರಡು ರಾತ್ರಿ ಕಳೆದೆ.

ಇಪ್ಪತ್ತಮೂರನೆಯ ಬೆಳಿಗ್ಗೆ ಅವಳಿಗೆ ರಜೆ. ನಾನು ಟೋಪಿ ತೆಗೆಯುವಾಗ ಅವಳು ಪಕ್ಕದಲ್ಲೇ ಇದ್ದಳು. ತುದಿ ಬಗ್ಗಿಸಿ ನೋಡಿದಳು. ಇನ್ನೊಂದು ತುದಿ ಬಗ್ಗಿಸಿದಳು. ಬೆರಳ ತುದಿಯಿಂದ ಎಣಿಸಿದಳು.

“ಏಳು” ಎಂದಳು. ಮುಖ ಅರಳಿತ್ತು, ಕಣ್ಣು ತುಂಬಿತ್ತು. “ಅಮ್ಮಂಗೆ ಸಿಟ್ಟು ಇಳೀತು ಕಣ್ರೀ.”

“ನಿಮ್ಮಮ್ಮನಿಗೆ ಸಿಟ್ಟೇ ಇರಲಿಲ್ಲ ಕಣೆ” ಎಂದೆ. “ಕತ್ತಲೆ ಇರಲಿಲ್ಲ.”

ಎಲ್ಲ ಹೇಳಿದೆ. ಮೂಲೆಯ ದೀಪ, ಮುರಿದ ಕೊಂಬೆ, ಟೋಪಿ, ಅವಳ ದಿಂಬಿನ ಮೇಲೆ ತಲೆಯಿಟ್ಟು ನೋಡಿದ್ದು. “ಎರಡು ವರ್ಷ ಆ ಗಿಡದ ರಾತ್ರಿ ಕತ್ತರಿಸಿದೋನು ನಾನು. ಹನ್ನೊಂದು ವರ್ಷ ನಿನ್ನದು. ನೀನು ಯಾಕೆ ಹೇಳಲಿಲ್ಲ?”

ಅವಳು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಹೊಲಿಗೆ ಸವರುತ್ತಾ ಕೂತಳು.

“ಹಳದಿ ಬಲ್ಬು ಇದ್ದಾಗ ಹತ್ತರಿಂದ ಎರಡರ ನಡುವೆ ಒಂದೊಂದು ಜೊಂಪು ಹತ್ತೋದು” ಎಂದಳು. “ಈ ಬಿಳೀದು ಬಂದ ಮೇಲೆ ಅದೂ ಇಲ್ಲ. ಎರಡಕ್ಕೆ ಕತ್ತಲಾದ ಮೇಲೂ ಕಣ್ಣೊಳಗೆ ಬೆಳಕು ಉಳಿದಿರೋದು. ಹೇಳಿದ್ರೆ ನೀವು ಏನಂದ್ಕೋತೀರೋ ಅಂತ. ನಿಮಗೆ ಬೇರೆ ಯಾರಿದಾರೆ ರಾತ್ರಿ ಹೊತ್ತು? ಅಮ್ಮ ಅಂದಿದ್ಲಲ್ಲ, ರಾತ್ರಿ ಮನೆಯಲ್ಲಿರದ ಗಂಡ ಅಂತ. ನಾನು ಕೈ ಎತ್ತಿದಾಗೆಲ್ಲ ನೀವು ಮನೆಯಲ್ಲಿ ಇದ್ದ ಹಾಗೇ ಇರ್ತಿತ್ತು.”

ನಾನು ಅತ್ತುಬಿಟ್ಟೆ. ಗಂಡಸು ಅಳಬಾರದು ಎನ್ನುವವರು ಇಪ್ಪತ್ತೆರಡು ರಾತ್ರಿ ನನ್ನ ಜಾಗದಲ್ಲಿ ನಿಂತು ನೋಡಲಿ.

“ಕಿಟಕಿಗೆ ಪರದೆ ಹೊಲಿತೀನಿ ಬಿಡಿ” ಎಂದಳು ಕೊನೆಗೆ, ನನ್ನ ಬೆನ್ನು ತಟ್ಟಿ.

“ಬೇಡ. ನೀನು ಕಿಟಕಿ ತೆಗೆದೇ ಮಲಗು. ಮುಚ್ಚಬೇಕಾದ್ದು ನನ್ನ ಕಡೆಯದು.”

ಉಗ್ರಾಣದ ಕರಿ ಬಟ್ಟೆಯನ್ನೆಲ್ಲ ಎಳೆದು ತಂದೆ. ಇಲಿ ಕಡಿದ ತೂತು, ಹರಕು, ಎಲ್ಲಕ್ಕೂ ಅವಳು ತೇಪೆ ಹಾಕಿದಳು. ಕೋಣೆಯ ತುಂಬ ಕರಿ ಬಟ್ಟೆ ಹರಡಿ, ನಡುವೆ ಅವಳು, ಯಂತ್ರದ ಸದ್ದು. ಗಾಜಿನ ಮನೆಯ ನಮ್ಮ ಕಡೆಯ ಗೋಡೆಗೂ ಬೇಲಿಯ ಕಡೆಯ ಗೋಡೆಗೂ ಮೇಲಿನಿಂದ ಕೆಳಗಿನವರೆಗೆ, ಹಗಲು ಸುತ್ತಿ ಎತ್ತುವ, ಸಂಜೆ ಇಳಿಸುವ ಹಾಗೆ ಕಟ್ಟಿದೆ. ಮಾಲೀಕರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಇದು ಯಾಕೆ?”

“ಹೊರಗಡೆ ನಮ್ಮ ಗಿಡ ಇಲ್ವಲ್ಲ. ಅಲ್ಲಿಗೆ ಯಾಕೆ ಬೆಳಕು?” ಎಂದೆ.

ಅವರು ಯೋಚಿಸಿದರು. “ನಿದ್ದೆ ಹೋದ್ರೆ ನೋಡಿ” ಎಂದಷ್ಟೇ ಹೇಳಿ ಹೋದರು.

ನಿದ್ದೆ ಹೋಗುವ ಭಯ ನನಗೂ ಇತ್ತು. ಅದಕ್ಕೆ ಹೆಂಡತಿ ಒಂದು ಅಲಾರಾಂ ಗಡಿಯಾರ ತಂದು ತಗಡಿನ ಮುಚ್ಚಳದ ಮೇಲೆ ಇಟ್ಟುಕೊಳ್ಳಲು ಹೇಳಿದಳು. “ಇದು ಕೈ ಎತ್ತಲ್ಲ, ಕಿರುಚುತ್ತೆ” ಎಂದಳು. ನಿಜವಾಗಿಯೂ ಸ್ಮಶಾನ ಏಳುವ ಹಾಗೆ ಕಿರುಚುತ್ತದೆ.

ಬಟ್ಟೆ ಇಳಿಸಿದ ಮೊದಲ ರಾತ್ರಿ ಹತ್ತಕ್ಕೆ ದೀಪ ಹಾಕಿದವನು ಅಭ್ಯಾಸಬಲದಿಂದ ಆ ಕಡೆ ತಿರುಗಿದೆ. ಕರಿ ಗೋಡೆ. ನೀರಿನಡಿಯ ನನ್ನ ಲೋಕಕ್ಕೆ ಇದ್ದ ಒಂದೇ ಕಿಟಕಿ ಮುಚ್ಚಿತ್ತು, ಮುಚ್ಚಿದವನು ನಾನೇ. ಬಹಳ ಒಂಟಿಯೆನಿಸಿತು. ಟಾರ್ಚನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೆ ಹಾಕಿದೆ. ಹೊರಗೆ ಹೋಗಿ ನಿಂತು ನೋಡಿದೆ. ನಮ್ಮ ಮನೆ ಇರುವ ಜಾಗದಲ್ಲಿ ಕತ್ತಲೆ ಇತ್ತು, ಮೆತ್ತಗೆ, ಎಲ್ಲೂ ಹೊಲಿಗೆ ಬಿಡದ ಕತ್ತಲೆ. ಅದರ ಮೇಲೆ ಇಷ್ಟು ವರ್ಷ ನಾನು ನೋಡಿರದಷ್ಟು ನಕ್ಷತ್ರಗಳಿದ್ದವು.

ಅವಳಿಗೆ ನಿದ್ದೆ ಕೂಡಲೇ ಬರಲಿಲ್ಲ. ಮೊದಮೊದಲು ಹತ್ತಕ್ಕೂ ಎರಡಕ್ಕೂ ತಾನಾಗಿಯೇ ಎಚ್ಚರವಾಗುತ್ತಿತ್ತಂತೆ. ಕತ್ತಲಲ್ಲಿ ಯಾರೂ ನೋಡದಿದ್ದರೂ ಕೈ ತಾನಾಗಿಯೇ ಮೇಲೇಳುತ್ತಿತ್ತಂತೆ. “ಎತ್ತಿದ ಮೇಲೆ ನೆನಪಾಗಿ ನಗು ಬರುತ್ತೆ” ಎಂದಳು. ಬರಬರುತ್ತಾ ಎರಡರದ್ದು ನಿಂತಿತು. ಆಮೇಲೆ ಹತ್ತರದ್ದು ನಿಂತಿತು. ಆದರೆ ಐದಕ್ಕೆ ಮುಂಚೆ ಎದ್ದು, ನನ್ನ ಹೆಜ್ಜೆ ಸದ್ದಿಗೆ “ಬಂದ್ರಾ?” ಎನ್ನುವುದು ಮಾತ್ರ ಉಳಿದಿತ್ತು.

ಗಿಡಕ್ಕೆ ಈಗ ಟೋಪಿ ಬೇಕಿರಲಿಲ್ಲ. ಮೊಗ್ಗು ದಪ್ಪವಾಗಿ, ಬಿರಿದು, ಆರನೆಯ ವಾರದಲ್ಲಿ ಮೊದಲ ಹೂ ಪೂರ್ತಿ ಬಿಚ್ಚಿತು. ಬೆಂದ ಇಟ್ಟಿಗೆಯ ಬಣ್ಣ, ದಳದ ಅಂಚಿಗೆ ಮಾತ್ರ ತೆಳು ಹಳದಿ. ಅವಳು ಹೇಳಿದ್ದು ನಿಜ. ನಮ್ಮ ತೋಟದಲ್ಲಿ ಆ ಬಣ್ಣ ಇಲ್ಲ. ಅದರ ಎದುರು ನಿಂತು, “ಅತ್ತೆ, ತಪ್ಪಾಯ್ತು” ಎಂದೆ. ಹೆಂಡತಿ ಅಡುಗೆಮನೆಯಿಂದ, “ಯಾರ ಜೊತೆ ಮಾತು?” ಎಂದಳು. ಅವಳ ಕಣ್ಣ ಕೆಳಗಿನ ಮಸಿ ತಿಳಿಯಾಗಿತ್ತು. ಆ ಸಂಜೆ ಮೇಲ್ವಿಚಾರಕಿ ಅವಳಿಗೆ ಹೊಸ ಜಾಲರಿ ಕೈಗವಸು ಕೊಟ್ಟು, ಸೋಮವಾರದಿಂದ ಯಂತ್ರಕ್ಕೆ ಬಾ ಎಂದಿದ್ದಳು. ಕೈಗವಸನ್ನು ಕುಂಡದ ಪಕ್ಕದಲ್ಲಿಟ್ಟು ಮಲಗಿದಳು.

ಆ ರಾತ್ರಿ ಎರಡಕ್ಕೆ ದೀಪ ಆರಿಸಿ, ಪೈಪುಗಳನ್ನು ನೋಡಿ, ಐದಕ್ಕೆ ಮನೆಯ ಕಡೆ ಹೊರಟೆ. ಇನ್ನೂ ನಸುಕೂ ಹರಿದಿರಲಿಲ್ಲ. ಸೋರೆ ಬಳ್ಳಿಯ ಹತ್ತಿರ ಏನೋ ಒಂದು ಮೆತ್ತಗೆ ಕೆನ್ನೆಗೆ ತಾಕಿ ಹಾರಿಹೋಯಿತು. ಪತಂಗವೇ ಇರಬೇಕು. ಬಾಗಿಲ ಬಳಿ ಬಂದು ಅಗುಳಿಗೆ ಕೈ ಹಾಕಿ, ಒಳಗಿನ ದನಿಗಾಗಿ ಕಾದೆ. ದನಿ ಬರಲಿಲ್ಲ. ಮೆಲ್ಲಗೆ ಬಾಗಿಲು ತಳ್ಳಿದೆ. ಒಳಗೆ ಕಣ್ಣು ಕಾಣದಷ್ಟು ಕತ್ತಲು; ನನ್ನ ಮನೆಯಲ್ಲೇ ನನಗೆ ದಿಕ್ಕು ತಪ್ಪಿತು. ಎರಡು ಹೆಜ್ಜೆ ಇಟ್ಟೆ, ಕಾಲ್ಬೆರಳು ಹೊಲಿಗೆ ಯಂತ್ರದ ಕಬ್ಬಿಣದ ಕಾಲಿಗೆ ಬಲವಾಗಿ ಬಡಿಯಿತು. ಯಂತ್ರದ ಮೇಲಿದ್ದ ದೊಡ್ಡ ಕತ್ತರಿ ಠಣ್ ಎಂದು ನೆಲಕ್ಕೆ ಬಿತ್ತು. ಕಣ್ಣಲ್ಲಿ ನೀರು ಬಂತು, ಬಾಯಿಗೆ ಬಂದ ಬೈಗುಳ ನುಂಗಿದೆ.

ಅವಳು ಏಳಲಿಲ್ಲ.

ಕತ್ತಲೊಳಗಿನಿಂದ ಅವಳ ಉಸಿರು ಕೇಳುತ್ತಿತ್ತು, ಉದ್ದಕ್ಕೆ, ನಿಧಾನಕ್ಕೆ. ಮಗ್ಗುಲು ಬದಲಿಸಿದಳು. ನಾನು ಇದುವರೆಗೆ ಕೇಳಿರದ ಒಂದು ಚಿಕ್ಕ ಹುಡುಗಿಯ ದನಿಯಲ್ಲಿ, ಯಾರೋ ಆಚೆ ಮನೆಯಿಂದ ಕರೆದದ್ದಕ್ಕೆ ಓಗೊಡುವವಳ ಹಾಗೆ ಹೇಳಿದಳು:

“ಬಂದೇ, ಅಮ್ಮಾ.”

ನಾನು ಕಾಲ್ಬೆರಳು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಒಂಟಿ ಕಾಲಲ್ಲಿ ಹಾಗೇ ನಿಂತೆ.